ಚನ್ನವೀರೇಶನ ಮೂರನೇ ಊಟ

ಬಸವೇಶ್ವರನಗರದ ಚನ್ನವೀರೇಶನಿಗೆ ಮಧ್ಯಾಹ್ನದ ಊಟ ಮೂರು ಸಲ ಆಗುತ್ತಿತ್ತು. ಹೊಟ್ಟೆಬಾಕ ಎಂದುಕೊಳ್ಳಬೇಡಿ. ಎರಡನೆಯದನ್ನೇ ಅವನು ಕಷ್ಟಪಟ್ಟು ಉಣ್ಣುತ್ತಿದ್ದ, ಮೂರನೆಯದನ್ನು ಕಣ್ಣು ಮುಚ್ಚಿಕೊಂಡು.

ಮನೆಯ ಕೆಳಗೇ ಅವನ ಫೋಟೊ ಫ್ರೇಮಿನ ಅಂಗಡಿ. ಹೆಂಡತಿ ಸೌಂದರ್ಯಾ ಬೆಳಿಗ್ಗೆಯೇ ಜೋಳದ ರೊಟ್ಟಿ, ಎಣ್ಣೆಗಾಯಿ ಮಾಡಿಟ್ಟು ಆಫೀಸಿಗೆ ಹೊರಟರೆ ಬರುವುದು ಸಂಜೆಗೆ. ಬಡಿಸುವುದು ತಾಯಿ ಕಲ್ಯಾಣಮ್ಮನವರ ಹಕ್ಕು. ದಾವಣಗೆರೆ ಕಡೆಯ ಶಾಲೆಯಲ್ಲಿ ಮೂವತ್ತು ವರ್ಷ ಮಕ್ಕಳ ಕಿವಿ ಹಿಂಡಿದ ಟೀಚರಮ್ಮ ಅವರು. ಈಗ ಎರಡು ವರ್ಷದಿಂದ ಮರೆವಿನ ಕಾಯಿಲೆ. ಒಂದು ಗಂಟೆಗೆ ಬಡಿಸಿದ್ದು ಎರಡಕ್ಕೆ ನೆನಪಿರುತ್ತಿರಲಿಲ್ಲ. ಮೆಟ್ಟಿಲ ಮೇಲಿಂದ ಕೂಗು ಬರುತ್ತಿತ್ತು: “ಚನ್ನು, ಇನ್ನೂ ಉಂಡಿಲ್ಲಲ್ಲೋ.”

ಒಮ್ಮೆ ಮಾತ್ರ ಅವನು ಆಗಲೇ ಉಂಡೆ ಎಂದಿದ್ದ. ಅಮ್ಮ ತೊಳೆದಿಟ್ಟ ತಟ್ಟೆಯನ್ನು ನೋಡಿ, ತಮ್ಮ ಕೈಯನ್ನೇ ನೋಡಿಕೊಂಡು, ಸಂಜೆಯವರೆಗೂ ಅಡುಗೆಮನೆಯ ಮೂಲೆಯಲ್ಲಿ ಕುಗ್ಗಿ ಕೂತರು. ಆ ಮುಖ ಇನ್ನೊಮ್ಮೆ ನೋಡುವುದಕ್ಕಿಂತ ಎರಡು ರೊಟ್ಟಿ ಹೆಚ್ಚು ನುಂಗುವುದೇ ವಾಸಿ ಅನಿಸಿತು. ನುಂಗಿ ನುಂಗಿ ತೊಂಬತ್ತೆಂಟು ಕೆಜಿಗೆ ಬಂದು ನಿಂತ. ರಕ್ತದ ಸಕ್ಕರೆಯೂ ಜೊತೆಗೇ ಏರಿತು.

ಡಾಕ್ಟರ್ ಅನಘಾ ರಿಪೋರ್ಟು ನೋಡಿ ಬಿಡಿಸಿ ಹೇಳಿದರು. ನಡುವಯಸ್ಸಿನಲ್ಲಿ ಮೈಗೆ ಹತ್ತಿದ ಬೊಜ್ಜು, ಹದ ತಪ್ಪಿದ ಸಕ್ಕರೆ ಮುಂದೆ ಮಿದುಳನ್ನೂ ಸವೆಸಬಹುದು. ತಾಯಿಗೆ ಬಂದದ್ದು ನಿಮಗೂ ಬರಲೇಬೇಕೆಂದಿಲ್ಲ, ನೀವಾಗಿಯೇ ದಾರಿ ಮಾಡಿಕೊಡಬೇಡಿ. ಹೊಟ್ಟೆಗೂ ತಲೆಗೂ ಏನು ನಂಟು ಎಂದು ನಗಲು ಹೋದವನಿಗೆ ನಗು ಬರಲಿಲ್ಲ. ತಾನೂ ಮರೆತು ಕೂತರೆ ಅಮ್ಮನನ್ನು ನೋಡಿಕೊಳ್ಳುವವರು ಯಾರು? ಹೆದರಿ, ಮೂರು ಊಟದ ಗುಟ್ಟನ್ನು ಹೇಳಿಬಿಟ್ಟ.

“ಬೇಡ ಅಂದ್ರೆ ಅಮ್ಮ ಕುಗ್ಗಿಹೋಗ್ತಾರೆ ಡಾಕ್ಟ್ರೇ.”

ಅನಘಾ ಮುಂದಿನ ವಾರ ಅಮ್ಮನನ್ನೇ ಕರೆತರಲು ಹೇಳಿದರು.

ಕಲ್ಯಾಣಮ್ಮ ಇಳಕಲ್ ಸೀರೆಯುಟ್ಟು, ಹಣೆಗೆ ವಿಭೂತಿ ಇಟ್ಟು ಬಂದು ಕೂತರು. ನಿಮ್ಮ ಮಗ ನನ್ನ ಮಾತು ಕೇಳುತ್ತಿಲ್ಲ, ಉಣ್ಣುವ ಮುಂಚೆ ಪಾರ್ಕಿನಲ್ಲಿ ಎರಡು ಸುತ್ತು ನಡೆಸುವ ಜವಾಬ್ದಾರಿ ನಿಮ್ಮದು ಎಂದು ಡಾಕ್ಟರು ದೂರು ಹೇಳಿದರು. ದೂರು ಕೇಳಿ ಎಷ್ಟು ಕಾಲವಾಗಿತ್ತೋ, ಟೀಚರಮ್ಮನ ಬೆನ್ನು ನೆಟ್ಟಗಾಯಿತು. ಪೆನ್ನು, ಹಾಳೆ ಕೇಳಿ ಪಡೆದು ದುಂಡಗಿನ ಅಕ್ಷರದಲ್ಲಿ ಬರೆದರು: ‘ಚನ್ನುವನ್ನು ನಡೆಸದೆ ಬಡಿಸಕೂಡದು.’ ಚನ್ನವೀರೇಶ ಅದಕ್ಕೆ ಗಾಜು ಹಾಕಿ, ಒಳ್ಳೆಯ ಫ್ರೇಮು ಕಟ್ಟಿ, ರೊಟ್ಟಿ ಬುಟ್ಟಿಯ ಮೇಲಿನ ಗೋಡೆಗೆ ತೂಗುಹಾಕಿದ.

ಮರುದಿನ ಒಂದು ಗಂಟೆಗೆ ಎರಡು ಸುತ್ತು, ಆಮೇಲೆ ಊಟ. ಎರಡು ಗಂಟೆಗೆ ಅಮ್ಮ ಮತ್ತೆ ಬುಟ್ಟಿಗೆ ಕೈ ಹಾಕಿದರು, ಗೋಡೆ ನೋಡಿದರು, ಚಪ್ಪಲಿ ಮೆಟ್ಟಿದರು.

“ಚನ್ನು, ಇವತ್ತಿನ್ನೂ ನಡೆದಿಲ್ಲಲ್ಲೋ.”

ಬರೆದದ್ದು ತಮ್ಮದೇ ಕೈ, ಅದನ್ನು ಅನುಮಾನಿಸುವ ಮಾತೇ ಇರಲಿಲ್ಲ. ಎರಡು ಸುತ್ತು ಹೊಡೆದು, ಕಲ್ಲುಬೆಂಚಿನಲ್ಲಿ ಕೂತು, ಕಂಡಕಂಡವರನ್ನೆಲ್ಲ ಮಾತಾಡಿಸಿ ಮನೆ ಸೇರುವಷ್ಟರಲ್ಲಿ ಊಟದ ಸುದ್ದಿ ಅಮ್ಮನ ತಲೆಯಿಂದ ಹಾರಿತ್ತು. ಮೂರಕ್ಕೆ ಮತ್ತೆ ನೆನಪಾಯಿತು, ಮತ್ತೆ ಚಪ್ಪಲಿ. ಅಂಗಡಿಯ ಬಾಗಿಲಿಗೆ ‘ಈಗ ಬರುತ್ತೇನೆ’ ಎಂಬ ಬೋರ್ಡು ಕಾಯಂ ಆಯಿತು. ಬುಟ್ಟಿಯಲ್ಲಿ ರೊಟ್ಟಿ ಉಳಿಯುವುದನ್ನು ಕಂಡು, ತನ್ನ ಕೈರುಚಿ ಕೆಟ್ಟಿತೇ ಎಂದು ಸೌಂದರ್ಯಾ ಒಂದು ವಾರ ಚಿಂತೆ ಮಾಡಿದಳು.

ಆರು ತಿಂಗಳಲ್ಲಿ ಹನ್ನೊಂದು ಕೆಜಿ ಇಳಿಯಿತು. ಸಕ್ಕರೆ ಹದಕ್ಕೆ ಬಂತು, ಬೆಲ್ಟಿಗೆ ಹೊಸ ತೂತು ಬಿತ್ತು. ತೂಕ ನೋಡಿ ಹಿಗ್ಗಿದ ಅನಘಾ ಇದು ಹೇಗಾಯಿತೆಂದು ಕೇಳಿದರು. ಚನ್ನವೀರೇಶ ಬಾಯಿ ತೆರೆಯುವ ಮೊದಲೇ ಕಲ್ಯಾಣಮ್ಮ ಮುಂದಕ್ಕೆ ಬಾಗಿ, ಮಗನಿಗೆ ಕೇಳಿಸದಿರಲೆಂದು ದನಿ ತಗ್ಗಿಸಿದರು.

“ಇವನಿಗೆ ಮರೆವು ಜಾಸ್ತಿ ಕಣಮ್ಮ. ದಿನಾ ನಾನೇ ನೆನಪು ಮಾಡ್ಬೇಕು. ಹಂಗಂತ ಅವನಿಗೆ ಹೇಳ್ಬೇಡಿ, ಕುಗ್ಗಿಹೋಗ್ತಾನೆ.”

ಚನ್ನವೀರೇಶನಿಗೆ ಖುಷಿಯಿಂದ ಕಣ್ಣು ತುಂಬಿತು. ಏನೂ ಕೇಳಿಸದವನಂತೆ ಗೋಡೆಯ ಕ್ಯಾಲೆಂಡರ್ ನೋಡುತ್ತ ಕೂತ.