ಪಿಯಾನೊಗೆ ಬಿಟ್ಟ ಜಾಗ

ಗಾಯಕಿ ಜುರೇಮಾ ಪ್ರಾಡೊ ಒಂಬತ್ತು ವರ್ಷ ಹಾಡದೆ ಕೂತದ್ದು ಡಾಕ್ಟರ್ ಹೃಷೀಕೇಶರ ಒಂದು ಮಾತಿನಿಂದ. ಆ ಮಾತು ಸುಳ್ಳು ಎಂಬುದು ಶಿಕಾಗೋ ಪಕ್ಕದ ಆ ಇಡೀ ಸ್ಕೋಕಿ ಊರಿನಲ್ಲಿ ಒಬ್ಬರಿಗೇ ಗೊತ್ತಿತ್ತು, ಅದು ಹೃಷೀಕೇಶರಿಗೆ.

ಅವರದು ಮೊದಲಿನಿಂದಲೂ ದುಬಾರಿ ಕಿವಿ. ಮೈಸೂರಿನ ಮನೆಯಲ್ಲಿ ಶ್ರುತಿಪೆಟ್ಟಿಗೆಯ ಪಕ್ಕದಲ್ಲೇ ಬೆಳೆದದ್ದು. ಕನ್ನಡ ಕೂಟದ ಯುಗಾದಿಯಲ್ಲಿ ಯಾವುದೋ ಆಂಟಿ ಮೇಲಿನ ಷಡ್ಜಕ್ಕೆ ಹೋಗಿ ಜಾರಿಬಿದ್ದರೆ ಇವರು ಮೊದಲ ಸಾಲಿನಲ್ಲಿ ಕೂತು ಹುಣಸೆಹಣ್ಣು ತಿಂದವರ ಹಾಗೆ ಮುಖ ಹಿಂಡುತ್ತಿದ್ದರು. ಹೆಂಡತಿ ಪದ್ಮ ಮೊಣಕೈಯಿಂದ ತಿವಿದು ತಿವಿದು ಸುಸ್ತಾದರೇ ಹೊರತು ಆ ಮುಖ ಸರಿಹೋಗಲಿಲ್ಲ.

ಜುರೇಮಾ ಬ್ರೆಜಿಲ್‌ನಿಂದ ಬಂದು ಶಿಕಾಗೋದಲ್ಲಿ ದಶಕಗಳ ಕಾಲ ಜಾಝ್ ಹಾಡಿದವರು. ಹತ್ತು ವರ್ಷದ ಹಿಂದೆ ಗಂಟಲಿನ ಧ್ವನಿತಂತುವಿನ ಮೇಲೆ ರಕ್ತ ಕಟ್ಟಿಕೊಂಡು ಹೃಷೀಕೇಶರ ಕ್ಲಿನಿಕ್ಕಿಗೆ ಬಂದರು. ಮೂರು ತಿಂಗಳಲ್ಲಿ ವಾಸಿಯಾಯಿತು. ಕೊನೆಯ ದಿನ ಪರೀಕ್ಷೆಗೆಂದು ನಾಲ್ಕು ಸಾಲು ಹಾಡಿಸಿದರು. ದನಿ ಬಂತು, ಆದರೆ ಹಳೆಯ ದನಿ ಬರಲಿಲ್ಲ. ಅಂಚು ಸವೆದ, ಒಳಗೆ ಗಾಳಿ ಸೇರಿಕೊಂಡ, ಶ್ರುತಿಯನ್ನು ಮುಟ್ಟಿಯೂ ಮುಟ್ಟದ ದನಿ. ಓದುವ ಕಾಲದಲ್ಲಿ ಇದೇ ಹೆಂಗಸಿನ ಕ್ಯಾಸೆಟ್ ಹಾಕಿಕೊಂಡು ಹಿಮದಲ್ಲಿ ಡ್ರೈವ್ ಮಾಡುತ್ತಿದ್ದ ಮನುಷ್ಯನಿಗೆ ಅದನ್ನು ಕೇಳಲಾಗಲಿಲ್ಲ.

"ಇನ್ನು ಹಾಡಬಹುದೇ?" ಎಂದು ಆಕೆ ಕೇಳಿದರು.

ಹಾಡಬಹುದಿತ್ತು, ಧಾರಾಳವಾಗಿ. ಹೃಷೀಕೇಶರು ಮಾತ್ರ, "ಬೇಡ, ಹಾಡಿದರೆ ಮಾತಾಡುವ ದನಿಯೂ ಹೋದೀತು" ಎಂದುಬಿಟ್ಟರು. ಜನ ಆಕೆಯನ್ನು ಹಳೆಯ ದನಿಯಲ್ಲೇ ನೆನಪಿಟ್ಟುಕೊಳ್ಳಲಿ ಎಂಬ ಘನ ಉದ್ದೇಶವಂತೆ! ಡಾಕ್ಟರ ಬಾಯಿಂದ ಬಂದದ್ದರಿಂದ ಅವರ ಸಂಗೀತದ ಅಭಿರುಚಿಯೂ ಔಷಧಿಯ ಚೀಟಿಯಷ್ಟೇ ಗಟ್ಟಿಯಾಯಿತು. ಜುರೇಮಾ ತಲೆಯಾಡಿಸಿ ಕೋಟು ಹಾಕಿಕೊಂಡು ಹೊರಟುಹೋದರು.

ಹೃಷೀಕೇಶರು ನಿವೃತ್ತರಾದ ಮೇಲೆ ಕ್ಲಿನಿಕ್ ವಹಿಸಿಕೊಂಡ ಲತಾಶ್ರೀ ಕಳೆದ ವರ್ಷ ಆಕೆಯ ಗಂಟಲು ನೋಡಿ, ಏನೂ ತೊಂದರೆಯಿಲ್ಲ, ಹಾಡಿ ಎಂದಳು. ಒಂಬತ್ತು ವರ್ಷದ ವಿಶ್ರಾಂತಿಯಿಂದಲೇ ಗುಣವಾಯಿತೆಂದು ಜುರೇಮಾ ತಿಳಿದರು. ಎಪ್ಪತ್ತೆಂಟನೆಯ ವಯಸ್ಸಿನಲ್ಲಿ ಸ್ಟುಡಿಯೋಗೆ ಹೋಗಿ ನಾಲ್ಕೇ ದಿನದಲ್ಲಿ ಎಂಟು ಹಾಡಿನ ಆಲ್ಬಂ ಮುಗಿಸಿದರು.

ಲತಾಶ್ರೀ ಫೋನ್ ಮಾಡಿದಳು. "ಅಂಕಲ್, ಆಲ್ಬಂನಲ್ಲಿ ನಿಮ್ಮ ಹೆಸರು ಹಾಕಿದಾರೆ! ನನ್ನ ದನಿ ಉಳಿಸಿಕೊಟ್ಟ ಡಾಕ್ಟರ್ ಹೃಷೀಕೇಶ್‌ಗೆ ಅಂತ. ಸಂಡೇ ಮಧ್ಯಾಹ್ನ ರಿಲೀಸು, ನೀವು ಹೋಗ್ಲೇಬೇಕು."

ಜುರೇಮಾ ಬೈದಿದ್ದರೆ ಹೃಷೀಕೇಶರು ತಡೆದುಕೊಳ್ಳಬಹುದಿತ್ತು. ಎರಡು ರಾತ್ರಿ ನಿದ್ದೆಗೆಟ್ಟು ಒಂದು ನಿರ್ಧಾರಕ್ಕೆ ಬಂದರು: ಭಾನುವಾರ ಆಕೆಗೆ ನಿಜ ಹೇಳಿಬಿಡಬೇಕು.

"ಏನ್ರೀ, ಸನ್ಮಾನಕ್ಕೆ ಹೊರಟೋರು ಹೀಗೆ ಮುಖ ಮಾಡ್ಕೊಂಡಿದೀರಾ?" ಎಂದರು ಪದ್ಮ, ಕಾರಿನಲ್ಲಿ.

"ಏನಿಲ್ಲ, ಎಕ್ಸಿಟ್ ನೋಡ್ತಿದೀನಿ."

ಹೆದ್ದಾರಿಯಿಂದ ಇಳಿಯಬೇಕಾದ ಎಕ್ಸಿಟ್ ಆಗಲೇ ಒಂದು ಮೈಲಿ ಹಿಂದೆ ಉಳಿದಿತ್ತು.

ಹಳೆಯ ಚರ್ಚಿನ ಸಭಾಂಗಣ ತುಂಬಿತ್ತು. ವೇದಿಕೆಯ ಮೇಲೆ ಗಿಟಾರ್, ಬಾಸ್, ಡ್ರಮ್ಸ್. ಪಕ್ಕದಲ್ಲೊಂದು ಮುಚ್ಚಿದ ಪಿಯಾನೊ, ಅದರ ಮುಂದೆ ಯಾರೂ ಇಲ್ಲ. ಜುರೇಮಾ ಹಾಡತೊಡಗಿದರು. ಹತ್ತು ವರ್ಷದ ಹಿಂದೆ ಕ್ಲಿನಿಕ್ಕಿನಲ್ಲಿ ಕೇಳಿದ ಅದೇ ದನಿ. ಕೆಟ್ಟೂ ಇರಲಿಲ್ಲ, ಸುಧಾರಿಸಿಯೂ ಇರಲಿಲ್ಲ. ಆ ಸವೆದ ಅಂಚಿನಲ್ಲೇ ಹಾಡಿನ ಸಂಕಟವೆಲ್ಲ ಇತ್ತು. ಇದನ್ನೇ ತಾವು ಬೇಡವೆಂದದ್ದು. ಹೃಷೀಕೇಶರಿಗೆ ತಮ್ಮ ಕಿವಿಯ ಮೇಲೆ ಜೀವನದಲ್ಲಿ ಮೊದಲ ಸಲ ಅಸಹ್ಯವಾಯಿತು.

ನಾಲ್ಕನೆಯ ಹಾಡಿನಲ್ಲಿ ಆಕೆ ಎರಡೆರಡು ಸಾಲಿಗೊಮ್ಮೆ ನಿಲ್ಲಿಸುತ್ತಿದ್ದರು. ಯಾರೂ ಏನೂ ನುಡಿಸುತ್ತಿರಲಿಲ್ಲ. ಜನ ಉಸಿರು ಬಿಗಿಹಿಡಿದು ಕೇಳಿದರು. ಈ ಮೌನವನ್ನು ಆಲ್ಬಂ ಮುಂಚೆಯೇ ಕೇಳಿದ್ದ ಪತ್ರಿಕೆಗಳೂ ಹೊಗಳಿ ಬರೆದಿದ್ದವು. ಹಾಡು ಮುಗಿದ ಮೇಲೆ ಜುರೇಮಾ ತಮ್ಮ ಡಾಕ್ಟರನ್ನು ಎಬ್ಬಿಸಿ ನಿಲ್ಲಿಸಿದರು. ಚಪ್ಪಾಳೆಯೋ ಚಪ್ಪಾಳೆ. ಪದ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು. ಸುಮ್ಮನೆ ನಕ್ಕು ಕೈಮುಗಿದು ಮನೆಗೆ ಹೋಗಿದ್ದರೆ ಯಾರಿಗೂ ಏನೂ ಗೊತ್ತಾಗುತ್ತಿರಲಿಲ್ಲ.

ಪದ್ಮ ಕೋಟುಗಳನ್ನು ತರಲು ಹೋದಾಗ ಹೃಷೀಕೇಶರು ಸಿ.ಡಿ. ಹಿಡಿದು ಸಹಿಯ ಸಾಲಿನಲ್ಲಿ ನಿಂತರು. ಸರದಿ ಬಂದಾಗ ಜುರೇಮಾ ಎದ್ದು ಅವರ ಎರಡೂ ಕೈ ಹಿಡಿದುಕೊಂಡರು.

"ನಾನು ಅವತ್ತು ಸುಳ್ಳು ಹೇಳಿದೆ," ಎಂದರು ಹೃಷೀಕೇಶರು. "ನಿಮ್ಮ ಗಂಟಲು ವಾಸಿಯಾಗಿತ್ತು. ನೀವು ಹಾಡಬಹುದಿತ್ತು. ನನಗೆ ಆ ದನಿ ಹಿಡಿಸಲಿಲ್ಲ, ಅಷ್ಟೇ."

ಆಕೆ ಮೆಲ್ಲಗೆ ಅವರ ಕೈ ಬಿಟ್ಟರು. ಮತ್ತೆ ಕುರ್ಚಿಯಲ್ಲಿ ಕೂತರು.

"ನನ್ನ ಪಿಯಾನೊ ವಾದಕ ವರ್ನನ್ ಡೆಟ್ರಾಯಿಟ್‌ನಲ್ಲಿದ್ದ," ಎಂದರು. "ಆರು ವರ್ಷ ಕಾದ. ಹೊಸ ಹಾಡು ಮಾಡಿದಾಗಲೆಲ್ಲ ಡ್ರೈವ್ ಮಾಡಿಕೊಂಡು ಬರುತ್ತಿದ್ದ. ಡಾಕ್ಟರ್ ಬೇಡ ಅಂದಿದ್ದಾರೆ ಎಂದು ನಾನು ಕಾಫಿ ಕೊಟ್ಟು ಕಳಿಸುತ್ತಿದ್ದೆ. ನಾಲ್ಕು ವರ್ಷದ ಹಿಂದೆ ತೀರಿಕೊಂಡ. ಈ ಎಂಟು ಹಾಡೂ ಅವನವೇ."

"ಕ್ಷಮಿಸಿ," ಎಂದರು ಹೃಷೀಕೇಶರು.

ಆಕೆ ಅವರ ಕೈಯಿಂದ ಸಿ.ಡಿ. ತೆಗೆದುಕೊಂಡು, ಒಳಗಿನ ಪುಸ್ತಿಕೆ ಬಿಡಿಸಿ, ಕೃತಜ್ಞತೆಯ ಪುಟ ಹುಡುಕಿ, ಆ ಒಂದು ಸಾಲಿನ ಮೇಲೆ ಪೆನ್ನಿನಿಂದ ನೇರವಾಗಿ ಗೀಟು ಎಳೆದರು. ಕೆಳಗೆ ಸಹಿ ಹಾಕಿದರು.

"ಉಳಿದವರ ಮನೆಗೆ ಹೋದದ್ದನ್ನು ನಾನು ತಿದ್ದಲಾರೆ. ನಿಮ್ಮದಾದರೂ ಸರಿಯಿರಲಿ," ಎಂದು ಸಿ.ಡಿ. ವಾಪಸ್ಸು ಕೊಟ್ಟು, ಹಿಂದೆ ನಿಂತವರತ್ತ ನೋಡಿದರು.

ಕಾರಿನಲ್ಲಿ ಕೂತ ಕೂಡಲೇ ಪದ್ಮ ಪುಸ್ತಿಕೆ ಬಿಡಿಸಿದರು. "ಅಯ್ಯೋ, ನಿಮ್ಮ ಹೆಸರಿನ ಮೇಲೇ ಗೀಟು ಬಿದ್ದಿದೆಯಲ್ರೀ! ಇನ್ನೊಂದು ಕಾಪಿ ಇಸ್ಕೊಂಡು ಬರ್ಲಾ?"

"ಬೇಡ. ಇದೇ ಸರಿಯಾಗಿರೋದು."

ಹೃಷೀಕೇಶರು ಕೀ ಅರ್ಧ ತಿರುಗಿಸಿ ಸಿ.ಡಿ. ಹಾಕಿದರು, ನಾಲ್ಕನೆಯ ಹಾಡು. ಎರಡು ಸಾಲು ಬಂತು, ಆಮೇಲೆ ಏನೂ ಇಲ್ಲ. ಮತ್ತೆ ಎರಡು ಸಾಲು.

"ಇದ್ಯಾಕ್ರೀ ನಡುನಡುವೆ ಸುಮ್ಮನಾಗ್ಬಿಡ್ತಾರೆ?" ಎಂದು ಪದ್ಮ ಕೇಳಿದರು. "ಚೆನ್ನಾಗೇನೋ ಇದೆ."

ಹೃಷೀಕೇಶರು ಕಾರು ಸ್ಟಾರ್ಟ್ ಮಾಡಲಿಲ್ಲ.

"ಅಲ್ಲಿ ಒಬ್ಬರು ಪಿಯಾನೊ ನುಡಿಸ್ಬೇಕಿತ್ತು," ಎಂದರು. "ನಾನು ಬಿಡ್ಲಿಲ್ಲ."