‘ಹೋಯ್ತು’ ಅನ್ನಿಸಿಕೊಂಡ ಮುಳ್ಳು

ಕಾಲು ಮುಂದಾಗಿ ಹುಟ್ಟಿದವರು ಕತ್ತು ಸವರಿದರೆ ಗಂಟಲಿನ ಮೀನುಮುಳ್ಳು ಇಳಿದುಹೋಗುತ್ತದೆ ಎಂದು ದಾಗುಪಾನ್ ಎಂಬ ಕಡಲೂರಿನ ಕಡೆಯವರು ನಂಬುತ್ತಾರೆ. ರೋಸೆಂಡಾ ಹಾಗೆ ಹುಟ್ಟಿದವಳು. ಈಗ ಓಣಿಗೆಲ್ಲ ಅಜ್ಜಿ, ಲೋಲಾ ರೋಸೆಂಡಾ. ಅಲ್ಲಿ ದಿನಾ ತಿನ್ನುವ ಬಂಗುಸ್ ಮೀನಿಗೋ ಮೈಯೆಲ್ಲ ಮುಳ್ಳು, ಅವಳ ಬಾಗಿಲಿಗೆ ಜನ ತಪ್ಪಿದ್ದೇ ಇಲ್ಲ. ನಿನ್ನೆಯಷ್ಟೇ ಎದುರುಮನೆಯ ನೆನಿತಾ ಮಗಳು ಲಿಗಾಯಳನ್ನು ಎಳೆದುಕೊಂಡು ಬಂದಿದ್ದಳು. ರೋಸೆಂಡಾ ಸವರಿದಳು. ಹುಡುಗಿ ಅಮ್ಮನ ಮುಖ ನೋಡಿ, “ಹೋಯ್ತು, ಲೋಲಾ” ಅಂದಿತು. ನೆನಿತಾ ಮೊಟ್ಟೆ ಕೊಟ್ಟು ಹೋದಳು.

ಇವತ್ತು ಮಧ್ಯಾಹ್ನ ಮುಳ್ಳು ಸಿಕ್ಕಿಕೊಂಡದ್ದು ಅವಳ ಗಂಡ ಕ್ರಿಸಾಂತೋನ ಗಂಟಲಲ್ಲೇ. ಬಿಸಿತುಪ್ಪವನ್ನಾದರೂ ಉಗುಳಬಹುದು, ಇದು ಆಚೆಗೂ ಇಲ್ಲ, ಈಚೆಗೂ ಇಲ್ಲ. ಅನ್ನದ ಉಂಡೆ ನುಂಗಿದ, ಬಾಳೆಹಣ್ಣು ನುಂಗಿದ. ಕಣ್ಣಲ್ಲಿ ನೀರು ಬಂತೇ ಹೊರತು ಮುಳ್ಳು ಕದಲಲಿಲ್ಲ.

“ಕತ್ತು ಎತ್ತು, ಸಾಂತೋ” ಎಂದು ರೋಸೆಂಡಾ ಮೆಲ್ಲಗೆ ಸವರಿದಳು.

“ಹೋಯ್ತು ಕಣೆ.”

“ಹೋಗದೆ ಇನ್ನೇನು! ಊರವರ ಮುಳ್ಳು ಇಳಿಸೋಳು ಗಂಡಂದು ಬಿಡ್ತೀನಾ?”

ಆದರೆ ಅವನ ಕಾಫಿ ಲೋಟದಲ್ಲೇ ಆರಿತು. ಬಾಯಿಗೆ ಬೀಗವಿಲ್ಲದ ಗಂಡಸು ಮಾತೇ ಆಡಲಿಲ್ಲ. ಹಂದಿಗೂಡಿನ ಕಡೆಗೆ ಮತ್ತೆ ಮತ್ತೆ ಹೋಗಿಬರುತ್ತಿದ್ದ. ಹಿಂದೆಯೇ ಹೋಗಿ ನೋಡಿದರೆ ಎಂಜಲು ನುಂಗಲಾರದೆ ಟವೆಲಿಗೆ ಉಗುಳುತ್ತಿದ್ದಾನೆ. ಟವೆಲಿನ ಮೇಲೆ ರಕ್ತದ ಗೆರೆ. ರೋಸೆಂಡಾ ಟವೆಲನ್ನು ಕಿತ್ತುಕೊಂಡಳು.

“ಹೋಯ್ತು ಅಂದ್ಯಲ್ಲೋ!”

“ಹೆಂಗ್ ಹೇಳ್ಲಿ? ಗಂಡಂದೇ ಇಳೀಲಿಲ್ಲ ಅಂತ ಊರು ಆಡ್ಕೊಳ್ಳಲ್ವಾ?”

“ಊರಿನ ಮನೆ ಹಾಳಾಗ! ನೀನ್ ಸತ್ರೆ ಊರು ಬಂದು ನನ್ ಜೊತೆ ಕಾಫಿ ಕುಡಿಯುತ್ತಾ?”

ಆಸ್ಪತ್ರೆಗೆ ಹೊರಟ ಟ್ರೈಸಿಕಲ್ಲಿನಲ್ಲಿ, ಬೈಕಿನ ಪಕ್ಕಕ್ಕೆ ಕಟ್ಟಿದ ತೊಟ್ಟಿಲಲ್ಲಿ, ಅವನನ್ನು ಒತ್ತಿಹಿಡಿದು ಕೂತಳು. ಬಾಲಯೇಸುವೇ, ನನ್ನ ಕೈ ಸುಳ್ಳಾದರೆ ಆಗಲಿ, ಇವನೊಬ್ಬ ಉಳಿಯಲಿ ಎಂದು ದಾರಿಯುದ್ದಕ್ಕೂ ಬೇಡಿದಳು.

ಆಸ್ಪತ್ರೆಯ ಡಾಕ್ಟರಮ್ಮ ಚಿಕ್ಕ ವಯಸ್ಸಿನವಳು. “ನುಂಗೋವಾಗ ಎಲ್ಲಿ ಚುಚ್ಚುತ್ತೆ, ಅಜ್ಜಾ? ಒಂದೇ ಬೆರಳಲ್ಲಿ ತೋರ್ಸಿ.”

ಅವನು ಎಡಗಡೆ ತೋರಿಸಿದ. ನಾಲಿಗೆ ಒತ್ತಿ ಬೆಳಕು ಬಿಟ್ಟರೆ ಏನೂ ಕಾಣಲಿಲ್ಲ. ಆಮೇಲೆ ಮೂಗಿನಿಂದ ಸಣ್ಣ ಕ್ಯಾಮೆರಾ ಕೊಳವೆ ಇಳಿಸಿದರು. ನಾಲಿಗೆಯ ಬುಡದ ಹಿಂದೆ, ಊದಿದ ಮಾಂಸದಲ್ಲಿ ಬಿಳಿ ಮುಳ್ಳು ನೆಟ್ಟಗೆ ನಿಂತಿತ್ತು.

“ಅನ್ನ, ಬಾಳೆಹಣ್ಣು ನುಂಗಿಸಿದ್ರಾ? ಅದೇ ಒಳಕ್ಕೆ ತಳ್ಳಿದೆ. ಅನ್ನನಾಳಕ್ಕೆ ಚುಚ್ಚಿದ್ರೆ ತೂತಾಗಿ ಜೀವಕ್ಕೇ ಕುತ್ತು ಬರುತ್ತೆ. ಇನ್ಮೇಲೆ ಏನೂ ನುಂಗಿಸ್ದೆ ಸೀದಾ ಕರ್ಕೊಂಡ್ ಬನ್ನಿ.”

ಮರಗಟ್ಟಿಸುವ ಔಷಧಿ ಚಿಮುಕಿಸಿ ಬಾಗಿದ ಇಕ್ಕಳ ಹಾಕಿದಳು. ಕ್ರಿಸಾಂತೋ ಓಕರಿಸಿದ, ಒದ್ದಾಡಿದ. ಕೊನೆಗೆ ಮುಳ್ಳು ತಟ್ಟೆಗೆ ಬಿದ್ದು ಟಿಣ್ ಎಂದಿತು. ಮರಗಟ್ಟಿದ್ದು ಇಳಿದ ಮೇಲೆ ಅವನು ಒಂದು ಗುಟುಕು ನೀರು ನುಂಗಿದ್ದನ್ನು ನೋಡಿ ರೋಸೆಂಡಾ ಅತ್ತೇಬಿಟ್ಟಳು.

“ಈಗ ನಿಜ ಹೇಳು, ಸಾಂತೋ. ಬೇರೆಯವರ್ದಾದ್ರೂ ನನ್ ಕೈಗೆ ಇಳೀತಿತ್ತಾ?”

“ಯಾರಿಗ್ ಗೊತ್ತು? ನಿನ್ ಎದುರಿಗೆ ಇಲ್ಲ ಅನ್ನೋಕೆ ಯಾರಿಗೂ ಬಾಯಿ ಬರಲ್ಲ.”

ಅಮ್ಮನ ಮುಖ ನೋಡಿ ‘ಹೋಯ್ತು’ ಅಂದ ಹುಡುಗಿ ಕಣ್ಣಮುಂದೆ ಬಂತು. “ಇಲ್ಲೇ ಕೂತಿರು” ಎಂದು ಗಂಡನನ್ನು ಆಸ್ಪತ್ರೆಯ ಬೆಂಚಿನ ಮೇಲೆ ಬಿಟ್ಟು, ಟ್ರೈಸಿಕಲ್ ಹತ್ತಿ ನೆನಿತಾಳ ಮನೆಗೆ ಧಾವಿಸಿದಳು.

“ನಿನ್ನೆಯಿಂದ ಗಂಜೀನೂ ಒಲ್ಲೆ ಅಂತಾಳೆ, ಬರೀ ಹಠ” ಅಂದಳು ನೆನಿತಾ.

ಲಿಗಾಯ ಮೂಲೆಯಲ್ಲಿ ಕೂತಿದ್ದಳು. ಜೊಲ್ಲಿಗೆ ಅಂಗಿಯ ಎದೆ ಒದ್ದೆಯಾಗಿತ್ತು. ರೋಸೆಂಡಾ ಅವಳ ಮುಂದೆ ಮಂಡಿಯೂರಿದಳು.

“ಲೋಲಾಗೆ ಬೇಜಾರಾಗಲ್ಲ, ಮಗಾ. ಹೋಯ್ತಾ?”

ಹುಡುಗಿ ಅಮ್ಮನ ಕಡೆ ತಿರುಗಿತು.

“ಅಮ್ಮನ್ನ ನೋಡ್ಬೇಡ. ನನ್ನ ನೋಡು.”

ಹುಡುಗಿ ಅವಳನ್ನೇ ನೋಡುತ್ತ, ಇಲ್ಲವೆಂದು ತಲೆ ಅಲ್ಲಾಡಿಸಿತು. ರೋಸೆಂಡಾ ಅವಳನ್ನು ಎತ್ತಿಕೊಂಡಳು. ಟ್ರೈಸಿಕಲ್ ಇನ್ನೂ ಬಾಗಿಲಲ್ಲೇ ನಿಂತಿತ್ತು.