ಅಳತೆಯ ಮರುನುಡಿ

ಅಪ್ಪನಿಗೆಂದು ತೋಡುತ್ತಿದ್ದ ಕುಣಿಯೊಳಗಿಂದ ಮೇಲೆ ಬಂದ ಮಣ್ಣಿನ ಬುಟ್ಟಿಯನ್ನು ಇಸಿದುಕೊಂಡು ಸುರಿದ ಹರೀಶ, ದೂರದ ಹೊಂಗೆಮರದತ್ತ ಗದ್ದ ತೋರಿಸಿದ.

“ಅಕ್ಕ, ಅಲ್ಲಿ ನಿಂತಿರೋದು ಯತ್ತಪ್ಪ. ಹತ್ತು ವರ್ಷ ಅಪ್ಪನ ಜೊತೆ ಮಾತು ಬಿಟ್ಟಿದ್ದೋನು, ಇವತ್ತೇನು ನೋಡಾಕೆ ಬಂದ್ನೋ.”

ನೇತ್ರಾವತಿ ತಿರುಗಿ ನೋಡಿದಳು. ಹಿರಿಯೂರಿನ ಬಸ್ಸಿನಲ್ಲಿ ಧರ್ಮಪುರಕ್ಕೆ ಬಂದಿಳಿದಿದ್ದ ಮುದುಕ ಕೋಲೂರಿ ನಿಂತಿದ್ದ. ಹತ್ತಿರ ಬರಲಿಲ್ಲ, ಹೋಗಲೂ ಇಲ್ಲ.

“ಮಣ್ಣು ಹಾಕಾಕೆ ಬಂದಿರ್ಬೋದು ಕಣೋ.”

“ಅವನ ಮಣ್ಣು ಬ್ಯಾಡ ನಮ್ಮಪ್ಪಂಗೆ.”

ಕುಣಿ ತೋಡುತ್ತಿದ್ದ ದೊಡ್ಡತಿಮ್ಮಪ್ಪ ಒಳಗಿಂದಲೇ ಗದರಿದ: “ಲೇ ಹರೀಶ, ಜಗಳ ಆಮೇಲಾಡು, ಬುಟ್ಟಿ ಕೊಡು. ನಿಮ್ಮಪ್ಪ ಹೋಗ್ತಾ ಗಟ್ಟಿ ನೆಲಾನೇ ಆರಿಸ್ಕೊಂಡವ್ನೆ.”

*

ಹರೀಶನ ಅಪ್ಪ ಜುಂಜಣ್ಣ ಅಬಕಾರಿ ಇಲಾಖೆಯ ಗಾರ್ಡ್ ಆಗಿದ್ದ; ಯತ್ತಪ್ಪ ಮದ್ಯಸಾರ ಕಾರ್ಖಾನೆಯ ಉಗ್ರಾಣಿಗ. ಅಲ್ಲಿನ ಮದ್ಯಸಾರದ ತೊಟ್ಟಿಯ ಮುಚ್ಚಳಕ್ಕೆ ಎರಡು ಬೀಗಗಳಿದ್ದವು, ಒಂದು ಸರ್ಕಾರದ್ದು, ಇನ್ನೊಂದು ಕಾರ್ಖಾನೆಯದು. ಇಬ್ಬರೂ ಬಾರದೆ ಅದು ತೆರೆಯುತ್ತಿರಲಿಲ್ಲ. ಜುಂಜಣ್ಣ ಏಣಿ ಹತ್ತಿ, ಹಿತ್ತಾಳೆಯ ಕೋಲನ್ನು ಇಳಿಬಿಟ್ಟು ಆಳವನ್ನು ಕೂಗುವನು. ಕೆಳಗೆ ನಿಂತ ಯತ್ತಪ್ಪ ಅದನ್ನೇ ತಿರುಗಿ ಹೇಳುವನು. ಮರುನುಡಿ ಕೇಳಿಸುವವರೆಗೆ ಕೋಲು ಮೇಲೇಳುತ್ತಿರಲಿಲ್ಲ. ಮದ್ಯಸಾರ ಬಿಸಿಲಿಗೆ ಹಿಗ್ಗುತ್ತದೆ, ತಂಪಿಗೆ ಕುಗ್ಗುತ್ತದೆ. ಆದ್ದರಿಂದ ತಾಪಮಾಪಕದ ಪಾದರಸ ನಿಂತ ಮೇಲೆಯೇ ಲೆಕ್ಕ ಬರೆದು ಇಬ್ಬರೂ ರುಜು ಹಾಕಬೇಕು. ತೆರಿಗೆ ನಿಂತಿದ್ದುದು ಅದರ ಮೇಲೆ.

ಈ ಪದ್ಧತಿಯನ್ನು ಜುಂಜಣ್ಣ ಮನೆಯ ನೀರಿನ ಡ್ರಮ್ಮಿಗೂ ತಂದಿದ್ದ. ಬೆಳಗ್ಗೆ ಅವನು ಅಂಗಳದಿಂದ ಕೂಗಿದರೆ, ಹಾಸಿಗೆಯಲ್ಲಿದ್ದ ಹರೀಶ ಮುಸುಕಿನೊಳಗಿಂದಲೇ ತಿರುಗಿ ಹೇಳಬೇಕಿತ್ತು.

ಒಂದು ಏಪ್ರಿಲ್ ಮಧ್ಯಾಹ್ನ, ತೊಟ್ಟಿ ತೆರೆದಿದ್ದಾಗಲೇ, ತಾಯಿ ಕೊನೆಯುಸಿರಿನಲ್ಲಿದ್ದಾಳೆಂದು ಯತ್ತಪ್ಪನಿಗೆ ಫೋನ್ ಬಂತು.

“ನಿನ್ನೆಯ ಶಾಖಾನೇ ಬರ್ಕಳಪ್ಪ. ರುಜು ಹಾಕಿ ಹೋಗ್ತೀನಿ.”

“ಪಾದರಸ ಇನ್ನೂ ಏರ್ತಾ ಐತೆ. ಒಂದು ಗಳಿಗೆ ತಡಿ.”

“ನಮ್ಮವ್ವ ತಡೀತಾಳೇನೋ?”

ಜುಂಜಣ್ಣ ಪಾದರಸ ನಿಲ್ಲುವವರೆಗೂ ಬರೆಯಲಿಲ್ಲ. ಯತ್ತಪ್ಪ ಊರು ಮುಟ್ಟಿದಾಗ ತಾಯಿಯ ಗದ್ದಕ್ಕೆ ಬಟ್ಟೆ ಕಟ್ಟಿದ್ದರು.

ಅಂದಿನಿಂದ ನಿವೃತ್ತಿಯವರೆಗೂ ಅವರ ನಡುವೆ ಅಂಕಿಗಳ ಹೊರತು ಬೇರೆ ಮಾತಿರಲಿಲ್ಲ; ಆಮೇಲೆ ಅದೂ ಇರಲಿಲ್ಲ.

*

“ಯತ್ತಪ್ಪನ್ನ ಕರ್ಕಂಡು ಬರ್ರಿ,” ಎಂದಳು ಕುಣಿಯ ಪಕ್ಕ ಗಂಡನ ಹೆಣದ ತಲೆಯ ಬಳಿ ಕುಳಿತಿದ್ದ ಮುದ್ದಕ್ಕ.

“ಬ್ಯಾಡ ಕಣವ್ವ.”

“ಅವನ ತಾಯಿ ಮಣ್ಣಿಗೆ ನಿಮ್ಮಪ್ಪನೂ ಹೋಗಿದ್ದ ಕಣೋ ಹರೀಶ. ಹಿಂಗೇ ಮರದಡಿ ನಿಂತಿದ್ದು, ಎಲ್ರೂ ಹೋದಮ್ಯಾಲೆ ಒಂದು ಹಿಡಿ ಹಾಕಿ ಬಂದ. ಯಾರಿಗೂ ಹೇಳ್ಬ್ಯಾಡ ಅಂದಿದ್ದ. ಈಗ ಇವನೂ ಕತ್ಲಾಗೋಗಂಟ ಅಲ್ಲೇ ನಿಂತಿರ್ಬೇಕೇನು?”

ಹರೀಶ ಕದಲಲಿಲ್ಲ. ನೇತ್ರಾವತಿ ಹೊಂಗೆಮರದವರೆಗೆ ಹೋಗಿ, ತಾಯಿ ಹೇಳಿದ್ದನ್ನೇ ಯತ್ತಪ್ಪನಿಗೆ ಹೇಳಿದಳು.

“ಬಂದಿದ್ನಾ?” ಎಂದ ಆತ. “ಒಂದು ಮಾತು ಹೇಳ್ಬಾರ್ದಿತ್ತೇನಮ್ಮ? ಬೈದು ಕಳಿಸ್ತಿದ್ದೆ. ಮಾರನೇ ದಿನ ಒಂದು ಬೀಡಿ ಕೊಡ್ತಿದ್ದೆ.”

ಅವರು ಬರುವಷ್ಟರಲ್ಲಿ ದೊಡ್ಡತಿಮ್ಮಪ್ಪ ಮೇಲೆ ಹತ್ತಿ ಮೈಯ ಧೂಳು ಕೊಡವುತ್ತಿದ್ದ. “ಆಳ ಸಾಕೇನ್ರಿ? ನಾಯಿ ಕೆದರ್ಬಾರ್ದು ನೋಡ್ರಿ.”

ಯಾರೂ ಕೇಳದಿದ್ದರೂ ಯತ್ತಪ್ಪ ಅಂಚಿನಲ್ಲಿ ಮಂಡಿಯೂರಿದ. ಕೋಲನ್ನು ನೆಟ್ಟಗೆ ಇಳಿಬಿಟ್ಟು, ತೋಳನ್ನೂ ಒಳಗಿಳಿಸಿ ತಳ ಮುಟ್ಟಿಸಿದ. ಅಂಚಿನ ಮಟ್ಟಕ್ಕೆ ಆ ತೋಳಿನ ಮೇಲೆ ಇನ್ನೊಂದು ಕೈಯ ಹೆಬ್ಬೆರಳು ಒತ್ತಿ, ಏಣಿಯ ಮೇಲೆ ನಿಂತವನಂತೆ ಗಟ್ಟಿಯಾಗಿ ಕೂಗಿದ:

“ನಾಲ್ಕು ಅಡಿ, ಮೂರು ಅಂಗುಲ.”

ಕೋಲು ಮೇಲೇಳಲಿಲ್ಲ. ಜನ ಮುಖ ಮುಖ ನೋಡಿಕೊಂಡರು. ಮುದುಕ ಮರುನುಡಿಗೆ ಕಾಯುತ್ತಲೇ ಇದ್ದ.

“ನಾಲ್ಕು ಅಡಿ, ಮೂರು ಅಂಗುಲ,” ಎಂದ ಹರೀಶ.

ಆಗ ಕೋಲು ಮೇಲೆದ್ದಿತು. ಆ ಒಣನೆಲದ ತಳದಿಂದ ಅದರ ತುದಿಗೆ ತೇವದ ಕೆಮ್ಮಣ್ಣು ಅಂಟಿಕೊಂಡು ಬಂದಿತ್ತು. ಹರೀಶ ಬಗ್ಗಿ ಅದನ್ನು ಬೆರಳಿನಿಂದ ಬಿಡಿಸಿ, ಯತ್ತಪ್ಪನ ಅಂಗೈ ತೆರೆದು ಅದರಲ್ಲಿಟ್ಟ.